ಪ್ರೊಮೀಥಿಯಸ್ ಎಂಬ ಹೆಸರು

ಇಂಗ್ಲಿಷ್ ಕಾವ್ಯದ ಪರಿಚಯವುಳ್ಳವರಿಗೆ ಪ್ರೊಮೀಥಿಯಸ್ಸನ ಹೆಸರು ಹೊಸದಲ್ಲ. ಷೆಲ್ಲಿ ಕವಿಯು 1820ರಲ್ಲಿ ಪ್ರಕಟಿಸಿದ ನಾಟಕರೂಪದ ಮಹಾಕೃತಿಗೆ ಅವನೇ ನಾಯಕ. ಅದಕ್ಕೆ ಎರಡು ವರ್ಷ ಮೊದಲು ಆ ಕವಿಯ ಪತ್ನಿ ಮೇರಿ ಷೆಲ್ಲಿ ಬರೆದ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಗೆ ‘ಆಧುನಿಕ ಪ್ರೊಮೀಥಿಯಸ್’ ಎಂಬ ಎರಡನೆಯ ಹೆಸರುಂಟು. ದೇವತೆಗಳ ಬೆಂಕಿಯನ್ನು ಕದ್ದು ಮಾನವರಿಗೆ ತಂದುಕೊಟ್ಟವನು. ಆ ಅಪರಾಧಕ್ಕಾಗಿ ಬಂಧನಕ್ಕೊಳಗಾಗಿ ದಿನದಿನವೂ ಹದ್ದಿಗೆ ತನ್ನ ಯಕೃತ್ತನ್ನು ಆಹಾರವಾಗಿ ಒಪ್ಪಿಸಿದವನು: ಇಷ್ಟು ಕಥೆ ಎಲ್ಲರಿಗೂ ತಿಳಿದದ್ದೇ. ಆದರೆ ಅವನ ಹೆಸರಿಗೆ ಅರ್ಥವೇನೆಂದು ಕೇಳಿದರೆ ನಮ್ಮ ವಿದ್ಯಾರ್ಥಿಗಳ ಟಿಪ್ಪಣಿ ಪುಸ್ತಕಗಳು ‘ಮುಂದಾಲೋಚನೆಯುಳ್ಳವನು’ ಎಂದು ಒಂದೇ ಮಾತಿನಲ್ಲಿ ಉತ್ತರವಿತ್ತು ಮುಂದೆ ಸಾಗಿಬಿಡುತ್ತವೆ. ನಾವು ಈ ಹೊತ್ತು ಅಲ್ಲಿಯೇ ಸ್ವಲ್ಪ ನಿಂತು ನೋಡಬೇಕೆಂದಿದ್ದೇವೆ. ಆ ಉತ್ತರವು ಸುಳ್ಳಲ್ಲ. ಆದರೆ ಪೂರ್ತಿಯೂ ಅಲ್ಲ. ಪೂರ್ತಿ ಉತ್ತರವನ್ನು ಅರಸುತ್ತ ಹೊರಟ ಐರೋಪ್ಯ ಪಂಡಿತರು ಕೊನೆಗೆ ನಮ್ಮ ಋಗ್ವೇದದ ಬಾಗಿಲಿಗೆ ಬಂದು ನಿಂತಿದ್ದಾರೆ.

ಮೊದಲು ಉಚ್ಚಾರಣೆಯ ವಿಷಯ. ನಾವು ಪ್ರೊಮೀಥಿಯಸ್ ಎನ್ನುವುದು ಇಂಗ್ಲಿಷರಿಂದ ಕಲಿತ ರೂಢಿ. ಗ್ರೀಕರ ಬಾಯಲ್ಲಿ ಅದು ಹೆಚ್ಚು ಕಡಿಮೆ ‘ಪ್ರೊಮೇಥೆಉಸ್’ ಎಂದಿದ್ದಿತು. ಅವರ ಥೀಟಾ ಎಂಬ ಅಕ್ಷರವು ಪ್ರಾಚೀನ ಕಾಲದಲ್ಲಿ ಮಹಾಪ್ರಾಣದ ತಕಾರವೇ, ಎಂದರೆ ನಮ್ಮ ಥಕಾರವೇ. ಹಲ್ಲುಗಳ ಸಂದಿಯಿಂದ ಉಸಿರು ಬಿಡುವ ಇಂಗ್ಲಿಷ್ ಧ್ವನಿಗಿಂತ ನಮ್ಮ ವರ್ಣಮಾಲೆಯೇ ಈ ಹೆಸರಿಗೆ ಹೆಚ್ಚು ನ್ಯಾಯ ಮಾಡಬಲ್ಲುದು. ಆದರೂ ರೂಢಿಯೇ ಬಲವಾದುದರಿಂದ ನಾವೂ ಪ್ರೊಮೀಥಿಯಸ್ ಎಂದೇ ಕರೆಯುವೆವು.

ಈ ಕಥೆಯು ನಮಗೆ ದೊರೆಯುವ ಅತ್ಯಂತ ಹಳೆಯ ಮೂಲವೆಂದರೆ ಸುಮಾರು ಕ್ರಿ.ಪೂ. 700ರಲ್ಲಿದ್ದ ಹೆಸಿಯಡ್ ಕವಿಯ ಎರಡು ಕಾವ್ಯಗಳು. ಅಲ್ಲಿ ಪ್ರೊಮೀಥಿಯಸ್ ಇಯಾಪೆಟಸ್ ಎಂಬ ಹಿರಿಯ ದೈವದ ಮಗ. ಆಕಾಶವನ್ನು ಹೊತ್ತ ಅಟ್ಲಾಸನ ತಮ್ಮ. ದೇವತೆಗಳಿಗೂ ಮನುಷ್ಯರಿಗೂ ಮೆಕೋನೆ ಎಂಬಲ್ಲಿ ಪಾಲಿನ ವ್ಯವಹಾರ ನಡೆದಾಗ ಅವನು ಒಂದು ಎತ್ತನ್ನು ಎರಡು ಪಾಲು ಮಾಡಿ, ಒಳ್ಳೆಯ ಮಾಂಸವನ್ನೆಲ್ಲ ಹೊಟ್ಟೆಯ ಚೀಲದಲ್ಲಿ ಅಡಗಿಸಿ, ಬರಿಯ ಎಲುಬುಗಳ ಮೇಲೆ ಬೆಳ್ಳನೆಯ ಕೊಬ್ಬನ್ನು ಹೊದಿಸಿ ಜ್ಯೂಸ್ ದೇವನ ಮುಂದಿಡುತ್ತಾನೆ. ಜ್ಯೂಸ್ ಕೊಬ್ಬಿನ ಪಾಲನ್ನು ಆರಿಸಿಕೊಳ್ಳುತ್ತಾನೆ. ಮೋಸವನ್ನು ಕಂಡು ಸಿಟ್ಟಿಗೆದ್ದು ಮನುಷ್ಯರಿಂದ ಬೆಂಕಿಯನ್ನು ಕಿತ್ತುಕೊಳ್ಳುತ್ತಾನೆ. ಆಗ ಪ್ರೊಮೀಥಿಯಸ್ ನಾರ್ಥೆಕ್ಸ್ ಎಂಬ ಗಿಡದ ಪೊಳ್ಳು ದಂಟಿನಲ್ಲಿ ಕೆಂಡವನ್ನು ಬಚ್ಚಿಟ್ಟು ಕದ್ದು ತರುತ್ತಾನೆ. ಈ ದಂಟಿನ ವಿವರವು ಕವಿಯ ಕಲ್ಪನೆಯಲ್ಲ. ಅದರ ಒಳಗಿನ ತಿರುಳು ಹೊರಗೆ ಹೊಗೆ ಕಾಣದಂತೆ ಮೆಲ್ಲನೆ ಉರಿಯುವುದರಿಂದ ಮೆಡಿಟರೇನಿಯನ್ ತೀರದವರು ಬೆಂಕಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಲು ಅದನ್ನು ನಿಜವಾಗಿಯೂ ಬಳಸುತ್ತಿದ್ದರು.

ಹೆಸಿಯಡ್ಡನ ಪ್ರೊಮೀಥಿಯಸ್ ತ್ಯಾಗಮೂರ್ತಿಯಲ್ಲವೆಂಬುದನ್ನು ಶ್ರೋತೃಗಳು ಗಮನಿಸಬೇಕು. ಅವನು ಕಪಟಿ, ಉಪಾಯಗಾರ, ಕಳ್ಳ. ಕವಿಯು ಅವನಿಗೆ ಕೊಡುವ ವಿಶೇಷಣಗಳು ‘ವಕ್ರಬುದ್ಧಿಯವನು’ ಎಂಬ ಜಾತಿಯವು. ಷೆಲ್ಲಿಯ ವೀರನನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹಳೆಯ ಕಾವ್ಯವನ್ನು ತೆರೆದವರಿಗೆ ಸ್ವಲ್ಪ ನಿರಾಶೆಯೇ ಆದೀತು.

ಇನ್ನು ಹೆಸರು. ಗ್ರೀಕ್ ಭಾಷೆಯಲ್ಲಿ ‘ಪ್ರೊ’ ಎಂದರೆ ಮುನ್ನ. ನಮ್ಮ ಸಂಸ್ಕೃತದ ‘ಪ್ರ’ ಉಪಸರ್ಗಕ್ಕೆ ಅದು ಒಡಹುಟ್ಟು. ‘ಪ್ರೊಮೇಥೇಸ್’ ಎಂದರೆ ಮುಂದನ್ನು ಯೋಚಿಸುವವನು, ‘ಪ್ರೊಮೇಥೆಇಯ’ ಎಂದರೆ ಮುಂಜಾಗ್ರತೆ. ಇವು ಸಾಧಾರಣ ಗ್ರೀಕರ ನಿತ್ಯದ ಮಾತುಗಳು. ಆದುದರಿಂದ ದೂರದರ್ಶಿ ಎಂಬ ಮಾತು ನಮಗೆ ಹೇಗೆ ಕೇಳಿದೊಡನೆಯೇ ಅರ್ಥ ಕೊಡುವುದೋ ಹಾಗೆಯೇ ಪ್ರೊಮೀಥಿಯಸ್ ಎಂಬ ಹೆಸರು ಅವರಿಗೆ ಅರ್ಥ ಕೊಡುತ್ತಿದ್ದಿತು. ಸಂದೇಹ ಉಳಿಯದಿರಲೆಂಬಂತೆ ಕಥೆಯಲ್ಲಿ ಅವನಿಗೆ ಒಬ್ಬ ತಮ್ಮನೂ ಉಂಟು. ಅವನು ಎಪಿಮೀಥಿಯಸ್. ‘ಎಪಿ’ ಎಂದರೆ ಇಲ್ಲಿ ಆಮೇಲೆ. ಅಣ್ಣನದು ಮುಂದಾಲೋಚನೆ, ತಮ್ಮನದು ಹಿಂದಾಲೋಚನೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ನಮ್ಮ ಗಾದೆಯನ್ನು ಗ್ರೀಕ್ ಭಾಷೆಯಲ್ಲಿ ಒಂದೇ ಶಬ್ದಕ್ಕೆ ಇಳಿಸಿದರೆ ಎಪಿಮೀಥಿಯಸ್ ಆಗುತ್ತದೆ. ಜ್ಯೂಸ್ ಕಳುಹಿಸಿದ ಯಾವ ಉಡುಗೊರೆಯನ್ನೂ ಸ್ವೀಕರಿಸಬೇಡವೆಂದು ಅಣ್ಣ ಹೇಳಿದ್ದರೂ ಮರೆತು, ಪ್ಯಾಂಡೊರಾ ಎಂಬ ಸುಂದರಿಯನ್ನು ಮನೆ ತುಂಬಿಸಿಕೊಂಡವನು ಇವನೇ. ಅವಳು ಮುಚ್ಚಳ ತೆಗೆದ ಪಾತ್ರೆಯಿಂದ ಲೋಕದ ಕಷ್ಟಗಳೆಲ್ಲ ಹೊರಬಿದ್ದವು. ಆಸೆಯೊಂದು ಮಾತ್ರ ಅಂಚಿನ ಒಳಗೆ ಉಳಿಯಿತು.

ಪ್ಯಾಂಡೊರಾಳ ‘ಪೆಟ್ಟಿಗೆ’ ಎಂದು ನಾವೆಲ್ಲ ಹೇಳುತ್ತೇವಷ್ಟೆ. ಹೆಸಿಯಡ್ಡನಲ್ಲಿ ಪೆಟ್ಟಿಗೆಯಿಲ್ಲ. ಅಲ್ಲಿರುವುದು ‘ಪಿಥೊಸ್’, ಎಂದರೆ ಎಣ್ಣೆ ಧಾನ್ಯಗಳನ್ನು ತುಂಬಿಡುವ ದೊಡ್ಡ ಮಣ್ಣಿನ ವಾಡೆ. ಹದಿನಾರನೆಯ ಶತಮಾನದ ಡಚ್ ಪಂಡಿತ ಎರಾಸ್ಮಸ್ ಕಥೆಯನ್ನು ಲ್ಯಾಟಿನ್ನಿಗೆ ತರುವಾಗ ‘ಪಿಕ್ಸಿಸ್’ ಎಂಬ ಸಣ್ಣ ಡಬ್ಬಿಯ ಹೆಸರನ್ನು ಬಳಸಿದನು. ಅಂದಿನಿಂದ ವಾಡೆ ಮಾಯವಾಗಿ ಪೆಟ್ಟಿಗೆ ನಿಂತಿತು. ಒಂದು ಶಬ್ದವು ತಪ್ಪಿ ಬಿದ್ದರೆ ಚಿತ್ರಕಾರರೂ ಕವಿಗಳೂ ಅದರ ಹಿಂದೆಯೇ ನಡೆದುಬಿಡುತ್ತಾರೆ. ಇದನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ಪ್ರೊಮೀಥಿಯಸ್ಸನ ಹೆಸರಿನಲ್ಲಿಯೂ ಇಂಥದೇ ಒಂದು ಸಂಗತಿ ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆದಿರಬಹುದು.

ಗ್ರೀಕ್ ಲೇಖಕರು ಈ ಹೆಸರಿನ ಅರ್ಥದೊಡನೆ ಆಟವಾಡದೆ ಬಿಟ್ಟವರಲ್ಲ. ‘ಬಂಧಿತ ಪ್ರೊಮೀಥಿಯಸ್’ ಎಂಬ ದುರಂತನಾಟಕವು ಪರಂಪರೆಯಿಂದ ಈಸ್ಕಿಲಸನ ಹೆಸರಿನಲ್ಲಿದೆ. ಅದು ಅವನದೇ ಹೌದೆ ಎಂಬ ವಿಷಯದಲ್ಲಿ ಇಂದಿನ ವಿದ್ವಾಂಸರಲ್ಲಿ ಬಲವಾದ ಭಿನ್ನಾಭಿಪ್ರಾಯವಿದೆ. ಬಿ. ಎಂ. ಶ್ರೀಕಂಠಯ್ಯನವರು 1935ರಲ್ಲಿ ಕನ್ನಡಕ್ಕೆ ತಂದ ‘ಪಾರಸಿಕರು’ ಈ ಈಸ್ಕಿಲಸನ ಕೃತಿಯೇ ಆದುದರಿಂದ ಕನ್ನಡಿಗರಿಗೆ ಇವನು ಪರಕೀಯನಲ್ಲ. ನಾಟಕದ ಮೊದಲಿನಲ್ಲಿ ನಾಯಕನನ್ನು ಬಂಡೆಗೆ ಬಿಗಿಸಿದ ‘ಬಲ’ ಎಂಬ ಪಾತ್ರವು ಹೊರಟುಹೋಗುವಾಗ ಅವನ ಹೆಸರನ್ನೇ ಹಿಡಿದು ಮೂದಲಿಸುತ್ತದೆ: ದೇವತೆಗಳು ನಿನಗೆ ಮುಂದಾಲೋಚಕನೆಂದು ಸುಳ್ಳು ಹೆಸರಿಟ್ಟಿದ್ದಾರೆ, ಈ ಸಂಕೋಲೆಯಿಂದ ಬಿಡಿಸಿಕೊಳ್ಳಲು ಈಗ ನಿನಗೇ ಒಬ್ಬ ಮುಂದಾಲೋಚಕ ಬೇಕಾಗಿದ್ದಾನೆ, ಎಂಬ ಅಭಿಪ್ರಾಯ. ಪ್ಲೇಟೊ ತನ್ನ ‘ಪ್ರೊಟಾಗೊರಸ್’ ಸಂವಾದದಲ್ಲಿ ಇಬ್ಬರು ಸಹೋದರರನ್ನೂ ಮತ್ತೆ ಕರೆತರುತ್ತಾನೆ. ಪ್ರಾಣಿಗಳಿಗೆಲ್ಲ ಕೊಂಬು, ಗೊರಸು, ಉಣ್ಣೆ, ರೆಕ್ಕೆಗಳನ್ನು ಹಂಚಿ ಮುಗಿಸಿದ ಎಪಿಮೀಥಿಯಸ್ಸನಿಗೆ ಆಮೇಲೆ ಮನುಷ್ಯನ ನೆನಪಾಗುತ್ತದೆ. ಕೈಯಲ್ಲಿ ಏನೂ ಉಳಿದಿಲ್ಲ. ಬೆತ್ತಲೆಯಾಗಿ, ಬರಿಗಾಲಿನಲ್ಲಿ ನಿಂತ ಆ ಪ್ರಾಣಿಗಾಗಿ ಅಣ್ಣನು ಬೆಂಕಿಯನ್ನೂ ಕುಶಲವಿದ್ಯೆಯನ್ನೂ ಕದಿಯಬೇಕಾಗುತ್ತದೆ.

ಹೀಗೆ ಗ್ರೀಕರಿಗೆ ಇದರಲ್ಲಿ ಅನುಮಾನವೇ ಇರಲಿಲ್ಲ. ಅನುಮಾನವು ಹುಟ್ಟಿದುದು ವ್ಯಾಕರಣದಿಂದ. ‘ಮ್ಯಾಥಮ್ಯಾಟಿಕ್ಸ್’ ಎಂಬ ನಮಗೆಲ್ಲ ಪರಿಚಿತವಾದ ಮಾತಿನಲ್ಲಿ ಕಲಿಕೆ ಎಂಬ ಅರ್ಥದ ‘ಮಥ್’ ಎಂಬ ಗ್ರೀಕ್ ಧಾತುವಿದೆ. ಪ್ರೊಮೀಥಿಯಸ್ ಎಂಬುದನ್ನು ಆ ಧಾತುವಿನಿಂದ ಸಾಧಿಸೋಣವೆಂದರೆ ಅದರಲ್ಲಿರುವುದು ಹ್ರಸ್ವ ಅಕಾರ. ಡೋರಿಯನ್ ಎಂಬ ಉಪಭಾಷೆಯಲ್ಲಿ ಉಳಿದುಬಂದ ಹಳೆಯ ರೂಪವು ‘ಪ್ರೊಮಾಥೆಉಸ್’, ದೀರ್ಘ ಆಕಾರದ್ದು. ಬುದ್ಧಿ, ಉಪಾಯ ಎಂಬ ಅರ್ಥದ ‘ಮೇಟಿಸ್’ ಶಬ್ದದಿಂದ ಎನ್ನೋಣವೆಂದರೆ ಅದರ ಏಕಾರವು ಮೂಲದಿಂದಲೂ ಏಕಾರವೇ. ಡೋರಿಯನ್ನರಲ್ಲಿ ಅದು ಆಕಾರವಾಗುವುದಿಲ್ಲ. ಜತೆಗೆ ಟಕಾರಕ್ಕೂ ಥಕಾರಕ್ಕೂ ಹೊಂದಿಕೆಯಿಲ್ಲ. ಒಟ್ಟಿನಲ್ಲಿ ಅರ್ಥವು ತೆರೆದ ಬಾಗಿಲಿನಂತೆ ಕಂಡರೂ ಒಳಗೆ ಕಾಲಿಡಹೋದವರಿಗೆ ಹೊಸ್ತಿಲು ಎಡವುತ್ತದೆ.

ಇಲ್ಲಿ ಬರ್ಲಿನ್ನಿನ ಆಡಾಲ್ಬರ್ಟ್ ಕೂನ್ ಎಂಬ ಪಂಡಿತನು ಪ್ರವೇಶಿಸುತ್ತಾನೆ. ಅಗ್ನಿಯೂ ಅಮೃತವೂ ಸ್ವರ್ಗದಿಂದ ಇಳಿದುಬಂದ ಕಥೆಗಳನ್ನು ಕುರಿತು 1859ರಲ್ಲಿ ಅವನು ಪ್ರಕಟಿಸಿದ ಗ್ರಂಥವು ತೌಲನಿಕ ಪುರಾಣಶಾಸ್ತ್ರವೆಂಬ ವಿದ್ಯೆಗೆ ತಳಹದಿಯಾದ ಕೃತಿಗಳಲ್ಲೊಂದು. ಯಜ್ಞಶಾಲೆಯಲ್ಲಿ ಅರಣಿಯನ್ನು ಕಡೆಯುವುದನ್ನು ನಮ್ಮ ಕೇಳುಗರಲ್ಲಿ ಕೆಲವರಾದರೂ ಕಂಡಿರಬಹುದು: ಕೆಳಗೆ ಒಂದು ಮರದ ತುಂಡು, ಅದರ ಕುಳಿಯಲ್ಲಿ ನಿಲ್ಲಿಸಿದ ಕಡೆಗೋಲು, ಹಗ್ಗದಿಂದ ಅದನ್ನು ಹಿಂದುಮುಂದಾಗಿ ತಿರುಗಿಸುವ ಋತ್ವಿಜರು, ಮೊದಲು ಹೊಗೆ, ಆಮೇಲೆ ಕಿಡಿ. ಕಡೆಯುವ ಆ ಕೋಲಿಗೆ ಸಂಸ್ಕೃತದಲ್ಲಿ ‘ಪ್ರಮಂಥ’ ಎಂದು ಹೆಸರು. ಪ್ರೊಮೀಥಿಯಸ್ ಎಂಬವನು ಈ ಪ್ರಮಂಥವೇ, ಬೆಂಕಿ ಹುಟ್ಟಿಸುವ ಕೋಲೇ ದೇವತೆಯಾಗಿ ನಿಂತಿದ್ದಾನೆ ಎಂದು ಕೂನ್ ಪ್ರತಿಪಾದಿಸಿದನು. ದಕ್ಷಿಣ ಇಟಲಿಯ ಥೂರಿಯೈ ಎಂಬ ಗ್ರೀಕ್ ವಸಾಹತಿನಲ್ಲಿ ಜ್ಯೂಸ್ ದೇವನಿಗೆ ‘ಪ್ರೊಮಾಂಥೆಉಸ್’ ಎಂಬ ಬಿರುದಿದ್ದಿತೆಂದು ಹಳೆಯ ವ್ಯಾಖ್ಯಾನವೊಂದು ಹೇಳುವುದೂ ಅವನ ವಾದಕ್ಕೆ ಒದಗಿತು.

ಈ ಮಾತು ನಮ್ಮ ಕಿವಿಗೆ ಎಷ್ಟು ಹಿತವಾಗಿದೆಯೆಂಬುದನ್ನು ಮರೆಮಾಚಬೇಕಾಗಿಲ್ಲ. ನಾವು ಪ್ರಮಥಗಣಗಳ ಹೆಸರನ್ನು ಕೇಳುತ್ತ ಬೆಳೆದವರು. ವೀರಶೈವ ಕವಿಗಳು ಶಿವಶರಣರನ್ನೇ ಪ್ರಮಥರೆಂದು ಕರೆದಿದ್ದಾರೆ. ಅರುವತ್ತು ಸಂವತ್ಸರಗಳಲ್ಲಿ ಪ್ರಮಾಥಿ ಎಂಬುದೊಂದುಂಟು. 1939ರ ಯುಗಾದಿಗೆ ಆರಂಭವಾದುದು ಅದೇ. ಗೀತೆಯಲ್ಲಿ ಇಂದ್ರಿಯಗಳಿಗೂ ಮನಸ್ಸಿಗೂ ‘ಪ್ರಮಾಥಿ’ ಎಂಬ ವಿಶೇಷಣವಿದೆ. ಇಷ್ಟೆಲ್ಲ ಕೇಳಿದ ಕಿವಿಗೆ ಪ್ರೊಮಾಥೆಉಸ್ ಎಂದೊಡನೆ ‘ಇವನು ನಮ್ಮವನೇ’ ಎಂದೆನಿಸುವುದು ಸಹಜ. ಆದರೆ ಹಿತವಾದುದರಿಂದಲೇ ಇಂಥ ಮಾತನ್ನು ಎರಡು ಸಲ ತೂಗಬೇಕು. ಅರ್ಥ ಹೊಳೆಯದಿದ್ದರೆ ಅಕ್ಷರಸಾಮ್ಯದಿಂದಲಾದರೂ ಪದವನ್ನು ಬಿಡಿಸಬೇಕೇ ಹೊರತು ಸುಮ್ಮನೆ ಬಿಡಬಾರದೆಂದು ಯಾಸ್ಕಾಚಾರ್ಯರು ನಿರುಕ್ತದಲ್ಲಿ ವಿಧಿಸಿದ್ದಾರೆ. ಪ್ಲೇಟೊವಿನ ‘ಕ್ರಾಟಿಲಸ್’ ಎಂಬ ಸಂವಾದದಲ್ಲಿಯೂ ದೇವತೆಗಳ ಹೆಸರುಗಳನ್ನು ಹೀಗೆಯೇ ಧ್ವನಿಯ ಹೋಲಿಕೆಯಿಂದ ಬಿಡಿಸುವ ಪ್ರಸಂಗಗಳಿವೆ. ವೇದಮಂತ್ರಕ್ಕೆ ಅರ್ಥ ಹೇಳಲು ಆ ವಿಧಿ ಉಪಕರಿಸಿರಬಹುದು. ಎರಡು ದೇಶಗಳ ಶಬ್ದಗಳಿಗೆ ನಂಟಸ್ತಿಕೆ ಕಟ್ಟಲು ಅದು ಸಾಲದು.

ಕೂನನ ವಾದದಲ್ಲಿರುವ ಮುಖ್ಯ ದೋಷ ಇದು. ‘ಪ್ರಮಂಥ’ ಎಂಬ ಶಬ್ದವು ಋಗ್ವೇದದಲ್ಲಿ ಇಲ್ಲ. ಅದು ಬಹುಕಾಲದ ಮೇಲಣ ಕರ್ಮಗ್ರಂಥಗಳ ಮಾತು. ಗ್ರೀಕರೂ ನಾವೂ ಒಂದೇ ಮನೆಯವರಾಗಿದ್ದ ಕಾಲಕ್ಕೆ ಅದನ್ನು ಒಯ್ಯಲು ಆಧಾರವಿಲ್ಲ. ಮೇಲಾಗಿ ಗ್ರೀಕ್ ಕಥೆಯಲ್ಲಿ ಯಾರೂ ಏನನ್ನೂ ಕಡೆಯುವುದಿಲ್ಲ. ಇದ್ದ ಬೆಂಕಿಯನ್ನು ಒಬ್ಬನು ಕದಿಯುತ್ತಾನೆ, ಅಷ್ಟೆ.

ಕದಿಯುವುದು: ಈ ಮಾತಿನಲ್ಲಿಯೇ ವಿಷಯವು ಹೊಸ ತಿರುವು ಪಡೆಯಿತು. ಯೊಹಾನ್ನಾ ನಾರ್ಟನ್ ಎಂಬ ಜರ್ಮನ್ ವಿದುಷಿಯು 1960ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ವೇದಭಾಷೆಯಲ್ಲಿ ಒಂದೆಂದು ನಾವು ತಿಳಿದಿದ್ದ ಧಾತು ನಿಜವಾಗಿ ಎರಡೆಂದು ತೋರಿಸಿದಳು. ‘ಮಂಥ್’ ಎಂದರೆ ಕಡೆಯುವುದು. ‘ಮಥ್’ ಎಂದರೆ ಕಿತ್ತುಕೊಳ್ಳುವುದು, ಅಪಹರಿಸುವುದು. ರೂಪಗಳು ಹತ್ತಿರವಾದುದರಿಂದ ಕಾಲಕ್ರಮದಲ್ಲಿ ಎರಡೂ ಬೆರೆತುಹೋದವು. ಈ ಬೆಳಕಿನಲ್ಲಿ ಋಗ್ವೇದದ ಮೊದಲನೆಯ ಮಂಡಲದ 93ನೆಯ ಸೂಕ್ತವನ್ನು ನೋಡಬೇಕು. ಅದು ಅಗ್ನಿಗೂ ಸೋಮನಿಗೂ ಸೇರಿದ ಸೂಕ್ತ. ಇಬ್ಬರಲ್ಲಿ ಒಬ್ಬನನ್ನು, ಎಂದರೆ ಅಗ್ನಿಯನ್ನು, ಮಾತರಿಶ್ವನು ಸ್ವರ್ಗದಿಂದ ತಂದನೆಂದೂ, ಇನ್ನೊಬ್ಬನಾದ ಸೋಮನನ್ನು ಶ್ಯೇನಪಕ್ಷಿಯು ಬಂಡೆಯಿಂದ ತಂದಿತೆಂದೂ ಅಲ್ಲಿ ಹೇಳಿದೆ. ಶ್ಯೇನದ ಕಾರ್ಯಕ್ಕೆ ಅಲ್ಲಿರುವ ಕ್ರಿಯಾಪದ ‘ಅಮಥ್ನಾತ್’. ಹಕ್ಕಿಯು ಬಂಡೆಯಿಂದ ಸೋಮವನ್ನು ಕಡೆಯಿತೆಂದರೆ ಅರ್ಥವಾಗದು. ಕಿತ್ತುಕೊಂಡು ಬಂದಿತೆಂದರೆ ಎಲ್ಲವೂ ಸರಿಹೋಗುತ್ತದೆ. ಇದೇ ಧಾತುವು ಮಾತರಿಶ್ವನು ಅಗ್ನಿಯನ್ನು ತಂದ ಪ್ರಸಂಗದಲ್ಲಿಯೂ ಬೇರೆ ಸೂಕ್ತಗಳಲ್ಲಿ ಬಂದಿದೆ. ಅಲ್ಲಿಗೆ ದೇವಲೋಕದ ಬೆಂಕಿಯನ್ನು ಮನುಷ್ಯರಿಗಾಗಿ ತಂದವನೊಬ್ಬನು ಎರಡು ಕಡೆಯೂ ಉಂಟು, ಅವನ ಕೆಲಸಕ್ಕೆ ನಮ್ಮಲ್ಲಿ ಬಳಸಿದ ಧಾತುವೇ ಅಲ್ಲಿ ಅವನ ಹೆಸರಿನಂತೆ ಧ್ವನಿಸುತ್ತದೆ. ಪ್ರೊಮಾಥೆಉಸ್ ಎಂದರೆ ‘ಅಪಹರಿಸುವವನು’. ಹೀಗೆಂದರೆ ದೀರ್ಘ ಆಕಾರಕ್ಕೂ ನಮ್ಮ ‘ಪ್ರಮಾಥ’ ಶಬ್ದದಲ್ಲಿ ಜೊತೆ ಸಿಕ್ಕುತ್ತದೆ. (ನಮ್ಮ ಹದ್ದು ಕದ್ದು ತರುತ್ತದೆ, ಅವರ ಹದ್ದು ಕದ್ದವನನ್ನು ತಿನ್ನುತ್ತದೆ. ಇದರ ಮೇಲೆ ನಾವು ಯಾವ ಸಿದ್ಧಾಂತವನ್ನೂ ಕಟ್ಟಲು ಹೋಗುವುದಿಲ್ಲ.)

ಈ ಮತವನ್ನು ಒಪ್ಪಿದ ವಿದ್ವಾಂಸರು ಅನೇಕರು. ಒಪ್ಪದವರೂ ಉಂಟು, ಅವರ ಆಕ್ಷೇಪವು ಹಗುರವಾದುದಲ್ಲ. ಸಂಸ್ಕೃತದ ಥಕಾರಕ್ಕೆ ಗ್ರೀಕ್ ಭಾಷೆಯಲ್ಲಿ ಸಾಮಾನ್ಯವಾಗಿ ಸಿಕ್ಕುವುದು ಅಲ್ಪಪ್ರಾಣದ ತಕಾರ. ಅಗಲವಾದುದೆಂಬ ಅರ್ಥದ ನಮ್ಮ ‘ಪೃಥು’ ಅಲ್ಲಿ ‘ಪ್ಲತುಸ್’ ಆಗಿದೆಯೇ ಹೊರತು ‘ಪ್ಲಥುಸ್’ ಆಗಿಲ್ಲ. ಅದೇ ನಿಯಮದಂತೆ ನಡೆದಿದ್ದರೆ ನಮ್ಮ ಕಳ್ಳನು ‘ಪ್ರೊಮಾತೆಉಸ್’ ಎನ್ನಿಸಿಕೊಳ್ಳಬೇಕಾಗಿದ್ದಿತು. ಬೆಂಕಿಯನ್ನು ಕದ್ದ ಕಥೆಯೂ ಆರ್ಯಭಾಷೆಗಳನ್ನಾಡುವವರ ಸೊತ್ತಲ್ಲ. ಪಾಲಿನೇಷಿಯದ ದ್ವೀಪಗಳಲ್ಲಿ ಮಾವುಯಿ ಎಂಬ ವೀರನು ಮಹೂಯಿಕಳೆಂಬ ದೇವತೆಯಿಂದ ಬೆಂಕಿಯನ್ನು ಉಪಾಯದಿಂದ ಪಡೆದ ಕಥೆಯುಂಟು. ಆದುದರಿಂದ ಕಥೆಯ ಹೋಲಿಕೆಯೊಂದೇ ಸಾಕ್ಷಿಯಾಗಲಾರದು.

ಆದರೂ ನಮ್ಮ ಒಲವು ಅಪಹಾರಿಯ ಕಡೆಗೇ ಇದೆ. ಅದಕ್ಕೆ ಕಾರಣವು ಪ್ರೊಮೀಥಿಯಸ್ಸನಿಗಿಂತ ಹೆಚ್ಚಾಗಿ ಅವನ ತಮ್ಮ. ಎಪಿಮೀಥಿಯಸ್ ಎಂಬವನಿಗೆ ತನ್ನದೆಂಬ ಕಥೆ ಏನೂ ಇಲ್ಲ. ಅಣ್ಣನ ಹೆಸರಿಗೆ ಎದುರಾಗಿ ನಿಲ್ಲುವುದೇ ಅವನ ಕೆಲಸ. ಇಂಥ ಸೃಷ್ಟಿ ನಮಗೆ ಅಪರಿಚಿತವಲ್ಲ. ವೇದದ ಹಳೆಯ ಭಾಗಗಳಲ್ಲಿ ‘ಅಸುರ’ ಎಂಬುದು ವರುಣಾದಿಗಳಿಗೆ ಗೌರವದ ಮಾತು. ಅದರ ಆದಿಯ ಅಕಾರವು ನಿಷೇಧಾರ್ಥದ್ದಲ್ಲ. ಮುಂದಿನವರ ಕಿವಿಗೆ ಅದು ‘ಅ-ಸುರ’ ಎಂದು ಒಡೆದು ಕೇಳಿಸಿತು. ಕೇಳಿಸಿದೊಡನೆ ‘ಸುರ’ರೆಂಬ ಒಂದು ದೇವಕುಲವೇ ಹುಟ್ಟಿಕೊಂಡಿತು. ‘ವಿಧವಾ’ ಎಂಬ ಅಖಂಡ ಶಬ್ದವನ್ನು ‘ವಿ-ಧವಾ’ ಎಂದು ಬಿಡಿಸಿ ಗಂಡನಿಗೆ ‘ಧವ’ ಎಂಬ ಹೆಸರನ್ನು ಕೋಶಗಳು ಸಂಪಾದಿಸಿಕೊಂಡವು. ಹಾಗೆಯೇ, ‘ಅಪಹಾರಿ’ ಎಂಬ ಹಳೆಯ ಅರ್ಥವನ್ನು ಮರೆತ ಗ್ರೀಕರ ಕಿವಿಗೆ ಪ್ರೊಮೀಥಿಯಸ್ ಎಂಬುದು ‘ಮುಂದಾಲೋಚಕ’ ಎಂದು ಕೇಳಿಸಿರಬೇಕು. ಕೇಳಿಸಿದ ಮೇಲೆ ಹಿಂದಾಲೋಚಕನೊಬ್ಬನು ಬೇಕೆನಿಸಿ ತಮ್ಮನು ಹುಟ್ಟಿರಬೇಕು. ಹೆಸಿಯಡ್ಡನ ಕಾಲಕ್ಕಾಗಲೇ ಇದು ನಡೆದುಹೋಗಿದ್ದಿತು. ಆದರೂ ಅವನ ಕಾವ್ಯದಲ್ಲಿ ಹಳೆಯ ಅರ್ಥದ ನೆರಳು ಕಾಣುವಂತಿದೆ: ಅಲ್ಲಿ ನಾಯಕನು ಕದಿಯುತ್ತಾನೆ, ವಂಚಿಸುತ್ತಾನೆ, ಮುಂದಾಲೋಚನೆಯನ್ನು ತೋರಿಸುವುದು ತಮ್ಮನಿಗೆ ಹೇಳಿದ ಆ ಒಂದು ಎಚ್ಚರಿಕೆಯಲ್ಲಿ ಮಾತ್ರ.

ಹೊಸ ಅರ್ಥವು ಹೊಸ ಕಥೆಯನ್ನು ಹುಟ್ಟಿಸಿದ್ದು ‘ಬಂಧಿತ ಪ್ರೊಮೀಥಿಯಸ್’ ನಾಟಕದಲ್ಲಿ. ಅಲ್ಲಿ ನಾಯಕನು ನಿಜವಾಗಿಯೂ ಭವಿಷ್ಯವನ್ನು ಬಲ್ಲವನು. ಜ್ಯೂಸನ ಪದಚ್ಯುತಿಗೆ ಕಾರಣವಾಗಬಲ್ಲ ಒಂದು ವಿವಾಹದ ಗುಟ್ಟು ಅವನಲ್ಲಿದೆ. ಅದನ್ನು ಹೇಳೆಂದು ದೇವದೂತನು ಹೆದರಿಸಿದರೂ ಅವನು ಬಾಯಿ ಬಿಡುವುದಿಲ್ಲ. ಸೆರೆಯಲ್ಲಿರುವವನ ಕೈಯಲ್ಲಿ ಅರಸನ ಭವಿಷ್ಯವಿದೆ. ಷೆಲ್ಲಿಗೂ ಅವನ ಹಿಂದುಮುಂದಿನ ಕವಿಗಳಿಗೂ ದೊರೆತ ವೀರನು ಇವನು, ಹೆಸಿಯಡ್ಡನ ಕಳ್ಳನಲ್ಲ.

ಆ ನಾಟಕದಲ್ಲಿಯೇ ಇನ್ನೊಂದು ಸ್ಥಳವಿದೆ. ನಮಗೆ ಇಡಿಯ ನಾಟಕದಲ್ಲಿ ಅದಕ್ಕಿಂತ ಗಂಭೀರವಾದ ಸ್ಥಳವು ಕಾಣುವುದಿಲ್ಲ. ಮನುಷ್ಯರಿಗೆ ನೀನು ಮಾಡಿದ ಉಪಕಾರವೇನೆಂದು ಮೇಳದ ಕನ್ಯೆಯರು ಕೇಳುತ್ತಾರೆ. ಬೆಂಕಿಯ ಮಾತನ್ನು ಅವನು ಎರಡನೆಯದಾಗಿ ಹೇಳುತ್ತಾನೆ; ಲೆಕ್ಕ, ಅಕ್ಷರ, ಮನೆ ಕಟ್ಟುವುದು, ಹಡಗು, ಔಷಧ ಇವೆಲ್ಲ ಬರುವುದು ಇನ್ನೂ ತಡವಾಗಿ. ಮೊದಲನೆಯದಾಗಿ ಹೇಳುವುದು ಇದನ್ನು: ಮನುಷ್ಯರು ತಮ್ಮ ಸಾವನ್ನು ಮುಂಗಾಣದಂತೆ ತಾನು ಮಾಡಿದೆನೆಂದೂ, ಆ ನೋಟಕ್ಕೆ ಔಷಧವಾಗಿ ಅವರ ಎದೆಯಲ್ಲಿ ಕುರುಡು ಆಸೆಗಳನ್ನು ನೆಲೆಗೊಳಿಸಿದೆನೆಂದೂ. ಅದು ದೊಡ್ಡ ಉಪಕಾರವೆಂದು ಕನ್ಯೆಯರು ಒಪ್ಪುತ್ತಾರೆ. ಮುಂಗಾಣ್ಕೆಯೇ ಹೆಸರಾದವನು ಮನುಷ್ಯನಿಂದ ಮುಂಗಾಣ್ಕೆಯನ್ನು ತೆಗೆದುಬಿಟ್ಟನು. ನಾಳೆ ಸಾಯುವೆನೆಂಬುದು ಕಣ್ಣಿಗೆ ಕಟ್ಟಿದ್ದರೆ ಯಾರು ತಾನೆ ಬೆಂಕಿ ಹೊತ್ತಿಸಿ ಮಡಕೆ ಸುಡುತ್ತಿದ್ದರು, ಯಾರು ಬೀಜ ಬಿತ್ತುತ್ತಿದ್ದರು? ಪ್ಯಾಂಡೊರಾಳ ವಾಡೆಯ ಅಂಚಿನಲ್ಲಿ ಉಳಿದ ಆಸೆಯೂ ಇದೇ ಇದ್ದೀತು. ಹೆಸಿಯಡ್ಡನಲ್ಲಿ ಅದು ವರವೋ ಶಾಪವೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ನಾಟಕಕಾರನು ಮಾತ್ರ ಅದನ್ನು ವರವೆಂದೇ ಎಣಿಸಿದ್ದಾನೆ.

ಅಥೆನ್ಸ್ ನಗರದ ಜನರು ಈ ಪಂಡಿತಚರ್ಚೆಗಳ ಗೊಡವೆಯಿಲ್ಲದೆ ಅವನನ್ನು ಬೆಂಕಿಯ ದೈವವೆಂದೇ ಪೂಜಿಸಿದರು. ಪ್ಲೇಟೊ ಪಾಠ ಹೇಳಿದ ಅಕಾಡೆಮಿಯ ತೋಪಿನಲ್ಲಿಯೇ ಅವನದೊಂದು ಬಲಿಪೀಠವಿದ್ದಿತು. ಅಲ್ಲಿ ಪಂಜು ಹೊತ್ತಿಸಿಕೊಂಡು ತರುಣರು ಊರಿನ ಕಡೆಗೆ ಓಡುತ್ತಿದ್ದರೆಂದು ಕ್ರಿ.ಶ. ಎರಡನೆಯ ಶತಮಾನದ ಪ್ರವಾಸಿ ಪೌಸೇನಿಯಸ್ ಬರೆದಿದ್ದಾನೆ. ಮೊದಲು ಬಂದವನ ಪಂಜು ಆರಿದ್ದರೆ ಗೆಲವು ಎರಡನೆಯವನದು. ಅವನದೂ ಆರಿದ್ದರೆ ಮೂರನೆಯವನದು. ಎಲ್ಲರದೂ ಆರಿದ್ದರೆ ಗೆಲವು ಯಾರಿಗೂ ಇಲ್ಲ.

ಹೆಸರಿನ ಪಯಣವು ಅಲ್ಲಿಗೂ ನಿಲ್ಲಲಿಲ್ಲ. ಮಿಂಚನ್ನು ಪಳಗಿಸಿದ ಬೆಂಜಮಿನ್ ಫ್ರಾಂಕ್ಲಿನ್ನನನ್ನು ತತ್ತ್ವಜ್ಞಾನಿ ಕ್ಯಾಂಟ್ 1756ರಲ್ಲಿ ಈ ಕಾಲದ ಪ್ರೊಮೀಥಿಯಸ್ ಎಂದು ಕರೆದನು. 1945ರಲ್ಲಿ ಅಮೆರಿಕದ ಓಕ್ ರಿಜ್ ಎಂಬಲ್ಲಿ, ಯುರೇನಿಯಂ ಪರಮಾಣುವನ್ನು ಒಡೆದಾಗ ಉಳಿಯುವ ಪದಾರ್ಥಗಳಲ್ಲಿ, ಮೂಲವಸ್ತುಗಳ ಪಟ್ಟಿಯಲ್ಲಿ ಬಹುಕಾಲ ಬರಿದಾಗಿದ್ದ 61ನೆಯ ಮನೆಯ ವಸ್ತುವನ್ನು ಮೂವರು ರಸಾಯನಜ್ಞರು ಗುರುತಿಸಿದರು. ಅವರಲ್ಲೊಬ್ಬನಾದ ಕೋರಿಯೆಲ್ಲನ ಪತ್ನಿಯ ಸಲಹೆಯಂತೆ ಅದಕ್ಕೆ ಪ್ರೊಮೀಥಿಯಂ ಎಂದು ಹೆಸರಾಯಿತು. ಅದರ ಯಾವ ರೂಪವೂ ಸ್ಥಿರವಲ್ಲ. ಹೆಚ್ಚು ಕಾಲ ಬಾಳುವ ರೂಪವೂ ಹದಿನೆಂಟು ವರ್ಷ ತುಂಬುವುದರೊಳಗೆ ಅರ್ಧ ಸವೆದುಹೋಗುತ್ತದೆ.